ಒಂದು ಮೊರ ತೌಡಿನ ಕೂಸು

ನನ್ನ ಮೂರನೆಯ ಬಸಿರನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ನನ್ನ ಅತ್ತೆ. ಕುರುಗೋಡಿನ ನಮ್ಮ ಅಡುಗೆಮನೆಯಲ್ಲಿ ಒಲೆಯ ಮಗ್ಗುಲಿನ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಸುಟ್ಟ ಮಣ್ಣಿನ ರುಚಿ ಇದ್ದಕ್ಕಿದ್ದಂತೆ ಯಾಕೆ ಅಷ್ಟು ಬೇಕೆನಿಸುತ್ತಿದೆ ಎಂಬುದು ನನಗೇ ಹೊಳೆದಿರಲಿಲ್ಲ. ಹಿಂದಿನಿಂದ ನೋಡಿದ ಅತ್ತೆ ಬೈಯಲಿಲ್ಲ. ಸೀದಾ ಹೋಗಿ ಬೀದಿಬಾಗಿಲು ಮುಂದಕ್ಕೆಳೆದು, ಅಗುಳಿ ಹಾಕಿ ಬಂದರು.

"ಯಾರಿಗೂ ಹೇಳಬ್ಯಾಡ" ಎಂದರು. "ನಿನ್ನ ಗಂಡಗೂ ಹೇಳಬ್ಯಾಡ."

ಗಂಡನಿಗೆ ಗೊತ್ತಿಲ್ಲದೆ ಬಸಿರಾಗುವುದು ಹೇಗೆ ಎಂದು ಕೇಳುವ ಚೇಷ್ಟೆ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಗಂಡ ಬಳ್ಳಾರಿಯ ಹತ್ತಿ ಜಿನ್ನಿನಲ್ಲಿ ಗುಮಾಸ್ತರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗ್ಗೆ ಹೋಗುವವರು. ಬಂದಾಗಲೂ ಹೋಗುವಾಗಲೂ ಹೆಚ್ಚು ಮಾತಿಲ್ಲ. ಅವರಿಗೆ ಹೇಳಿದರೂ ಒಂದೇ ಬಿಟ್ಟರೂ ಒಂದೇ. ಆದರೆ ಅತ್ತೆಯ ಮುಖ ನೋಡಿದ ಮೇಲೆ ಚೇಷ್ಟೆ ಬಾಯಲ್ಲೇ ಉಳಿಯಿತು. ಅವರು ಹೆದರಿದ್ದರು.

ಹೆದರಲು ಕಾರಣವಿತ್ತು. ಮೊದಲನೆಯದು ಸಿರುಗುಪ್ಪದ ನನ್ನ ತವರಿನಲ್ಲಿ ಹುಟ್ಟಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ನಮ್ಮವ್ವ ಮುಂಚಿತವಾಗಿ ಕರೆದೊಯ್ದು, ಸೀಮಂತದ ಕುಬುಸ ಮಾಡಿ, ಹಸಿರು ಬಳೆ ತೊಡಿಸಿ, ಗದ್ದೆಯ ಹೊಸ ಅಕ್ಕಿಯ ಅನ್ನ ಉಣ್ಣಿಸಿ ಕೂರಿಸಿದ್ದಳು. ಗಂಡುಕೂಸು. ಬೆರಳು, ಉಗುರು, ಹುಬ್ಬು ಎಲ್ಲ ಇದ್ದವು, ಅಳು ಮಾತ್ರ ಇರಲಿಲ್ಲ. ಎರಡನೆಯದಕ್ಕೆ ಬಳ್ಳಾರಿಯ ದೊಡ್ಡಾಸ್ಪತ್ರೆಗೇ ಸೇರಿಸಿದರು. ಅಲ್ಲಿನ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ಅಪ್ಪ ಅಮ್ಮನ ಕೈ ಹಿಡಿದು ನಗುವ ಎರಡು ಮಕ್ಕಳು. ಎರಡು ಸಾಕು ಎಂದು ಸರಕಾರ ಹೇಳುತ್ತಿತ್ತು. ನನಗೂ ಸಾಕೆಂದೇ ಇತ್ತು, ಉಳಿದರೆ. ಅದೂ ಗಂಡೇ. ಜೋರಾಗಿ ಅತ್ತಿತು, ಹಾಲು ಕುಡಿಯಿತು, ದೀಪ ನೋಡಿ ನಗುವುದನ್ನು ಕಲಿಯಿತು. ಕುರುಗೋಡಿಗೆ ಕರೆತಂದ ಮೇಲೆ ಒಂದು ಬೆಳಗ್ಗೆ ಜ್ವರ ಬಂದು ಸಂಜೆಯೊಳಗೆ ಹೋಗಿಬಿಟ್ಟಿತು. ಆ ದಿನದ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ಈಗಲೂ ನನ್ನಿಂದಾಗುವುದಿಲ್ಲ.

ನಾನು ಪಿಯುಸಿವರೆಗೆ ವಿಜ್ಞಾನ ಓದಿದವಳು. ಬಳ್ಳಾರಿ ಕಂಟೋನ್ಮೆಂಟಿನ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಒಮ್ಮೆ ನಮ್ಮ ಉಪನ್ಯಾಸಕರು ಕಾವಿಗಿಟ್ಟ ಕೋಳಿಮೊಟ್ಟೆಯೊಂದನ್ನು ಒಡೆದು ಗಾಜಿನ ತಟ್ಟೆಗೆ ಹಾಕಿ ತೋರಿಸಿದ್ದರು. ಹುಡುಗಿಯರೆಲ್ಲ ಮೂಗಿಗೆ ಸೆರಗು ಹಿಡಿದೆವು. ನಮ್ಮಂಥ ಮನೆಗಳಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಹಳದಿಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ, ಬಡಿದುಕೊಳ್ಳುತ್ತಿತ್ತು. ಕಣ್ಣಿಲ್ಲ, ಕೊಕ್ಕಿಲ್ಲ, ರೆಕ್ಕೆಯಿಲ್ಲ, ಇನ್ನೂ ಕೋಳಿಯೇ ಆಗಿಲ್ಲ, ಆದರೆ ಗುಂಡಿಗೆ ಆಗಲೇ ಕೆಲಸ ಶುರು ಮಾಡಿದೆ. ಮನುಷ್ಯರಲ್ಲೂ ಹೀಗೆಯೇ ಎಂದರು ಉಪನ್ಯಾಸಕರು. ಅದು ನಿಧಾನವಾಗಿ ನಿಲ್ಲುವುದನ್ನು ನಾವೆಲ್ಲ ನೋಡಿದೆವು. ನನ್ನ ಓದಿನಿಂದ ನನಗಾದ ಲಾಭವೆಂದರೆ ಇಷ್ಟೇ: ಉಳಿದ ಹೆಂಗಸರಿಗೆ ಬರೀ ಭಯವಿರುತ್ತಿತ್ತು, ನನಗೆ ಚಿತ್ರಸಮೇತ ಭಯವಿತ್ತು. ಇವತ್ತು ಗುಂಡಿಗೆ ಮೂಡಿರಬೇಕು, ಇವತ್ತು ಕೈಯ ಮೊಗ್ಗು ಬಂದಿರಬೇಕು, ಬೆರಳು ಬೇರೆಯಾಗಿರಬೇಕು ಎಂದು ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ. ಯಾವುದನ್ನೂ ನಾನು ಮಾಡುತ್ತಿರಲಿಲ್ಲ. ನನ್ನೊಳಗೆ ಆಗುತ್ತಿತ್ತು, ಅಷ್ಟೇ. ನಿಂತರೂ ನನ್ನನ್ನು ಕೇಳಿ ನಿಲ್ಲುವುದಿಲ್ಲ ಎಂಬುದು ಗೊತ್ತಿತ್ತು.

ಈ ಸಲ ಬಸಿರನ್ನು ಬಚ್ಚಿಡಲಾಯಿತು. ಬಯಕೆ ಕೇಳಲಿಲ್ಲ, ಕುಬುಸ ಮಾಡಲಿಲ್ಲ, ಹೊಸ ಬಳೆ ಇಲ್ಲ. ಹೊಟ್ಟೆ ಕಾಣಿಸತೊಡಗಿದ ಮೇಲೆ ನೀರಿಗೆ ಹೋಗುವುದೂ ನಿಂತಿತು. ಹೇಗೋ ಸುಳಿವು ಸಿಕ್ಕ ನಮ್ಮವ್ವ ಸಿರುಗುಪ್ಪದಿಂದ ಸೀರೆ, ಕಾಯಿ, ಕುಸುಬಲಕ್ಕಿ ಹೊತ್ತುಕೊಂಡು ಬಂದಳು. ಅತ್ತೆ ಆಕೆಯನ್ನು ಪಡಸಾಲೆಯಲ್ಲಿ ಕೂರಿಸಿ, ಚಹ ಕೊಟ್ಟು, ಕೈ ಹಿಡಿದುಕೊಂಡರು.

"ಬೀಗ್ತಿ, ತಪ್ಪು ತಿಳೀಬ್ಯಾಡ್ರಿ. ಸೀರಿ ಒಯ್ರಿ. ನಾವು ಬಸರೈತಂತ ಎಲ್ಲೂ ತೋರಿಸ್ಕೊಂಡಿಲ್ಲ."

ನಮ್ಮವ್ವ ಜಗಳ ಮಾಡಬಹುದೆಂದುಕೊಂಡಿದ್ದೆ. ಮಾಡಲಿಲ್ಲ. ತಂದದ್ದನ್ನೆಲ್ಲ ತಿರುಗಿ ಕಟ್ಟಿಕೊಂಡು, ನನ್ನ ತಲೆ ಸವರಿ, ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಒಬ್ಬರು ಕಳಿಸಿದ್ದಕ್ಕೆ, ಇನ್ನೊಬ್ಬರು ಹೋದದ್ದಕ್ಕೆ.

ಹೊರಗೆ ಯಾರೊಂದಿಗೂ ಮಾತಿಲ್ಲದ್ದರಿಂದ ಹೊಟ್ಟೆಯೊಳಗಿದ್ದವರೊಂದಿಗೇ ಮಾತಾಡತೊಡಗಿದೆ. ಅತ್ತೆ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ಹಿತ್ತಲ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತ, ಸಣ್ಣ ದನಿಯಲ್ಲಿ, ಊರ ಸುದ್ದಿಯೆಲ್ಲ ಹೇಳುತ್ತಿದ್ದೆ. ನಿಮ್ಮಪ್ಪ ಈ ವಾರ ಬಂದಾಗ ಎಷ್ಟು ಮಾತಾಡಿದರು ಗೊತ್ತೇನು, ಬೆರಳಲ್ಲಿ ಎಣಿಸಬಹುದು ಎಂದು ದೂರು ಹೇಳುತ್ತಿದ್ದೆ. ಮೊದಮೊದಲು ಹೊಟ್ಟೆಯೊಳಗೆ ನೀರಗುಳ್ಳೆ ಒಡೆದಂತಾಗುತ್ತಿತ್ತು, ಅಷ್ಟೇ. ಆಮೇಲೆ ಒದೆ. ಆಮೇಲೆ ಬಿಕ್ಕಳಿಕೆ. ಹೊಟ್ಟೆಯ ಮೇಲೆ ಇಟ್ಟ ಬೇಳೆಯ ತಟ್ಟೆ ಬಿಕ್ಕಳಿಕೆಗೆ ತಾಳಬದ್ಧವಾಗಿ ಅಲ್ಲಾಡುತ್ತಿತ್ತು. ನಾನು ಮಾತು ಶುರು ಮಾಡಿದರೆ ಒದೆತ ನಿಲ್ಲುತ್ತಿತ್ತು. ಕೇಳಿಸಿಕೊಳ್ಳುತ್ತಿದೆ ಎಂದು ನಾನು ಅಂದುಕೊಂಡೆ. ಆ ದಿನಗಳಲ್ಲಿ ನನಗಿದ್ದ ಸುಖ ಅದೊಂದೇ.

ನಮ್ಮ ಹಿತ್ತಲ ಗೋಡೆಯ ಆಚೆ ಮಂಡಕ್ಕಿ ಭಟ್ಟಿ ಇತ್ತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಭಟ್ಟಿ ನಡೆಸುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಆರು ಮಕ್ಕಳನ್ನು ಹೆತ್ತವಳು, ಆರೂ ಗಟ್ಟಿಮುಟ್ಟು, ಕೊನೆಯದು ಆಗಲೇ ಶಾಲೆಗೆ ಹೋಗುತ್ತಿತ್ತು. ಒಂದನ್ನೂ ಮಣ್ಣಿಗೆ ಕೊಟ್ಟವಳಲ್ಲ. ಬೆಂಕಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಆಕೆಯ ದನಿ ಬೀದಿಯ ಆ ತುದಿಗೆ ಕೇಳುವಷ್ಟು ದೊಡ್ಡದಾಗಿತ್ತು. ಗುಟ್ಟು ಹೇಳಿದರೂ ಊರಿಗೆ ಡಂಗುರ. ಇಂಥವಳೊಂದಿಗೆ ಅತ್ತೆ ನನಗೆ ತಿಳಿಯದಂತೆ ಒಪ್ಪಂದ ಮಾಡಿಕೊಂಡಿದ್ದರು.

ಚಳಿಗಾಲದ ಒಂದು ಬೆಳಗ್ಗೆ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು. ಹುಟ್ಟುತ್ತಲೇ ಚೀರಿತು. ಆ ಚೀರಾಟ ಕೇಳಿ ನಾನು ಅಳತೊಡಗಿದೆ. ಅತ್ತೆ ಬಿಸಿನೀರಲ್ಲಿ ಮೀಯಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನನಗೆ ಸರಿಯಾಗಿ ಮುಖ ತೋರಿಸುವ ಮೊದಲೇ ಮೊರದಲ್ಲಿಟ್ಟುಕೊಂಡು ಹಿತ್ತಲಿಗೆ ನಡೆದರು. ನನಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ. ಕಿಟಕಿಯಿಂದ ಮಾತು ಮಾತ್ರ ಕೇಳಿಸಿತು.

"ಯವ್ವಾ, ತಿಪ್ಪಿ ಮ್ಯಾಲ ಯಾರದಿದು ಕೂಸು? ಹಿಂಗ್ಯಾಕ ಒಗದಾರ?" ಇದು ಅಕ್ಕನ ದನಿ.

"ಯಾರದೋ ಯಾರಿಗ್ಗೊತ್ತು. ನಮಗ ಬ್ಯಾಡಾಗೇತಿ. ಬೇಕಾದ್ರ ನೀ ಒಯ್ಯಿ" ಎಂದರು ಅತ್ತೆ. ದನಿ ನಡುಗುತ್ತಿತ್ತು.

"ಪುಕ್ಕಟ್ಟೆ ಒಯ್ಯಂಗಿಲ್ಲ. ತಗೋ, ಎಮ್ಮಿಗಿಟ್ಟಿದ್ದ ಒಂದು ಮೊರ ತೌಡು. ಇವತ್ತಿಂದ ಇದು ನನ್ನ ಕೂಸು."

ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೆ ಮಾಡುವುದನ್ನು ನಾನು ಕೇಳಿದ್ದೆ. ಬೇಡವಾದ ಕೂಸು, ಯಾರೋ ಎತ್ತಿಕೊಂಡ ಕೂಸು ಎಂದರೆ ಸಾವು ಅದರ ತಂಟೆಗೆ ಬರುವುದಿಲ್ಲವಂತೆ. ಒಂದು ಮೊರ ತೌಡಿಗೆ ನನ್ನ ಮಗಳು ಮಾರಾಟವಾದಳು. ಅಕ್ಕ ಮೊರವನ್ನು ಸೊಂಟಕ್ಕಾನಿಸಿಕೊಂಡು ಒಳಗೆ ಬಂದು, ಕೂಸನ್ನು ನನ್ನ ಮಗ್ಗುಲಿಗೆ ಹಾಕಿ, ಕಣ್ಣು ಮಿಟುಕಿಸಿದಳು.

"ತಂಗಿ, ನನ್ನ ಮಗಳಿಗೆ ಒಂದಿಷ್ಟು ಹಾಲು ಕೊಡ್ತೀಯೇನ? ನನಗ ಬತ್ತಿ ವರ್ಷಗಟ್ಲೆ ಆತು."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಆಟದಂತೆಯೇ ಇತ್ತು ಆಗ.

ಆಟವಲ್ಲ ಎಂದು ತಿಳಿದದ್ದು ಅತ್ತೆ ನಿಯಮ ಹೇಳಿದಾಗ. ಹುಟ್ಟುಗೂದಲ ಜವಳ ತೆಗೆಸುವವರೆಗೆ ನಾನು ಮಗಳೇ ಎನ್ನುವಂತಿಲ್ಲ. ಮುದ್ದಿಡುವಂತಿಲ್ಲ. ಹಾಲು ಕೊಡುವಾಗ ಮುಖ ಆಚೆ ತಿರುಗಿಸಿಕೊಂಡಿರಬೇಕು. ಇಷ್ಟು ಎಲ್ಲ ಕಡೆ ಇದ್ದದ್ದೇ. ಇನ್ನೊಂದು ಮಾತ್ರ ನಮ್ಮ ಅತ್ತೆಯದೇ ಸ್ವಂತ: ಕೂಸಿನ ಮುಂದೆ ನಾನು ಬಾಯಿಬಿಡುವಂತೆಯೇ ಇಲ್ಲ.

"ನಿನ್ನ ದನಿ ಆ ಎರಡೂ ಕೇಳ್ಯಾವ" ಎಂದರು. "ಈ ಕೂಸು ನಿಂದಂತ ಕೂಸಿಗೂ ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು."

"ಮೊದಲನೇದು ಎಲ್ಲಿ ಕೇಳಿತ್ತು, ಅತ್ತಿ? ಹುಟ್ಟಿದಾಗ ಉಸುರಽ ಇರಲಿಲ್ಲ."

"ಒಳಗಿದ್ದಾಗ ಕೇಳಿತ್ತು."

ವಾದ ಮಾಡಲು ನನ್ನಲ್ಲೇನಿತ್ತು? ಆಸ್ಪತ್ರೆ, ಟಾನಿಕ್ಕು, ಕುದಿಸಿ ಆರಿಸಿದ ನೀರು, ಪುಸ್ತಕದಲ್ಲಿದ್ದದ್ದನ್ನೆಲ್ಲ ಎರಡನೆಯ ಸಲ ಮಾಡಿ ನೋಡಿಯಾಗಿತ್ತು. ನನ್ನ ವಿಜ್ಞಾನಕ್ಕೆ ಅದನ್ನು ಉಳಿಸಲಾಗಿರಲಿಲ್ಲ. ಅತ್ತೆಯ ನಂಬಿಕೆಯನ್ನು ನಾನು ನಂಬುತ್ತಿರಲಿಲ್ಲ, ಮೀರುವ ಧೈರ್ಯವೂ ಇರಲಿಲ್ಲ. ಅಕಸ್ಮಾತ್ ನಿಜವಾಗಿದ್ದರೆ ಎಂಬುದೊಂದೇ ಸಾಕಾಗಿತ್ತು ನನ್ನ ಬಾಯಿ ಕಟ್ಟಲು. ಹೊಟ್ಟೆಯಲ್ಲಿದ್ದಷ್ಟು ದಿನ ದಿನವೂ ಕೇಳಿದ ದನಿ ಹುಟ್ಟಿದ ಕೂಡಲೇ ನಿಂತುಹೋದರೆ ಆ ಜೀವ ಏನು ತಿಳಿದುಕೊಂಡಿತೋ.

ಮೂಗಿಯಾಗಿ ಕೂತು ನಾನು ನೋಡಿದೆ. ಮುಖ ತಿರುಗಿಸಿಕೊಂಡಿರು ಎಂದವರು ಕೂಸಿನ ಕಡೆ ಕಣ್ಣು ಹಾಯಿಸಬೇಡ ಎಂದೇನೂ ಹೇಳಿರಲಿಲ್ಲ. ನೆತ್ತಿಯ ಮೆತ್ತನೆಯ ಜಾಗ ಉಸಿರಿನೊಂದಿಗೆ ಏರಿಳಿಯುವುದನ್ನು ನೋಡುತ್ತಿದ್ದೆ. ಮೊದಲು ಅದರ ಕಣ್ಣು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ, ನನ್ನ ಕಿವಿಯ ಓಲೆಯ ಹತ್ತಿರ ಬಂದು ಜಾರಿಹೋಗುತ್ತಿತ್ತು. ಆಮೇಲೆ ನಿಲ್ಲತೊಡಗಿತು. ಮುಷ್ಟಿ ಬಿಚ್ಚಿತು. ಒಂದು ದಿನ ತನ್ನ ಕೈ ತನಗೇ ಸಿಕ್ಕಿ, ಇದು ಯಾರದಪ್ಪಾ ಎನ್ನುವ ಹಾಗೆ ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿತು. ಶನಿವಾರ ಬಂದ ನನ್ನ ಗಂಡ ತೊಟ್ಟಿಲ ಪಕ್ಕ ಕೂತು ಇದನ್ನೇ ನೋಡುತ್ತಿದ್ದರು. ಅವರಿಗೆ ಸುಮ್ಮನಿರುವ ನಿಯಮವನ್ನು ಬೇರೆ ಹೇಳಬೇಕಾಗಿರಲಿಲ್ಲ.

ಮಾತೆಲ್ಲ ಅಕ್ಕನದು. ಭಟ್ಟಿ ಹೊತ್ತಿಸುವ ಮುಂಚೆ ಒಮ್ಮೆ, ಆರಿಸಿದ ಮೇಲೆ ಒಮ್ಮೆ ಬರುತ್ತಿದ್ದಳು. ಮೈಯೆಲ್ಲ ಹೊಗೆಯ ವಾಸನೆ, ಕೂದಲಲ್ಲಿ ಒಂದೆರಡು ಮಂಡಕ್ಕಿ. "ಏ ನನ್ನ ತೌಡೇ! ಎದ್ದೇನಬೇ? ಉಂಡೇನಬೇ? ಹಾಲೆಲ್ಲಾ ಕುಡದು ಕುಂತೀಯೇನ ಆ ಸಾಕುತಾಯಿದು?" ಎಂದು ಶುರು ಮಾಡಿದರೆ ತೊಟ್ಟಿಲು ಅಲ್ಲಾಡುತ್ತಿತ್ತು. ಕಾಲೆರಡನ್ನೂ ಎತ್ತಿ ಎತ್ತಿ ಒದೆಯುತ್ತಿತ್ತು ಕೂಸು. ಮೊದಲ ನಗುವೂ ಆಕೆಗೇ ಸಿಕ್ಕಿತು. ನಿದ್ದೆಯಲ್ಲಿ ಬರುವ ನಗುವಲ್ಲ. ಕಣ್ಣಿಗೆ ಕಣ್ಣಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಕ್ಕದ್ದು. ಅಕ್ಕ ಹಿರಿಹಿರಿ ಹಿಗ್ಗಿ ನನ್ನ ಕಡೆ ನೋಡಿದಳು. ನೋಡಿದ ಕೂಡಲೇ ಆಕೆಯ ನಗು ಇಳಿಯಿತು. ನನ್ನ ಮುಖದಲ್ಲಿ ಏನು ಕಂಡಳೋ.

ಮರುದಿನ ಆಕೆ ಬರಲಿಲ್ಲ. ಅತ್ತೆಯೇ ಹೋಗಿ ಕೈ ಮುಗಿದು ಕರೆತಂದರು.

ಬೇಸಿಗೆ ಬರುವ ಹೊತ್ತಿಗೆ ಕೂಸು ಬೋರಲು ಬೀಳುತ್ತಿತ್ತು. ಇನ್ನೊಂದು ವಿಷಯವೂ ಶುರುವಾಗಿತ್ತು. ನನ್ನ ಎದೆಯಲ್ಲಿ ಹಾಲು ಕುಡಿಯುತ್ತಿರುವಾಗ ಗೋಡೆಯಾಚೆಯಿಂದ ಅಕ್ಕ ಯಾರನ್ನೋ ಬೈದರೆ ಸಾಕು, ಥಟ್ಟನೆ ಮೊಲೆ ಬಿಟ್ಟು ಆ ಕಡೆ ಕತ್ತು ತಿರುಗಿಸುತ್ತಿತ್ತು. ಬಾಯಿಯ ಅಂಚಿನಿಂದ ಹಾಲು ನನ್ನ ಮಡಿಲಿಗೆ ಸೋರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಜವಳ ಆಗಿ ನನಗೆ ಬಾಯಿ ಬಂದ ದಿನ ಈ ಕೂಸು ನನ್ನನ್ನು ಏನೆಂದುಕೊಂಡೀತು ಎಂದು ಕೇಳಿಕೊಳ್ಳುತ್ತಿದ್ದೆ. ಮರುಕ್ಷಣವೇ ಉಳಿದರೆ ಸಾಕು, ಏನಾದರೂ ಅಂದುಕೊಳ್ಳಲಿ ಎಂದು ನನಗೆ ನಾನೇ ಗದರಿಕೊಳ್ಳುತ್ತಿದ್ದೆ.

ಕಲ್ಲುಗುಡ್ಡಗಳೆಲ್ಲ ಕಾದು ಸಂಜೆಯಾದರೂ ಧಗೆ ಬಿಡುತ್ತಿದ್ದ ದಿನಗಳಲ್ಲಿ ಕೂಸಿಗೆ ಭೇದಿ ಶುರುವಾಯಿತು. ಅತ್ತೆ ಬಜೆ ತೇದು ನೆಕ್ಕಿಸಿದರು, ದೃಷ್ಟಿ ತೆಗೆದರು. ನಿಲ್ಲಲಿಲ್ಲ. ಮರುದಿನ ಬೆಳಗ್ಗೆ ನೆತ್ತಿಯ ಮೇಲೆ ಕೈಯಿಟ್ಟೆ. ಉಸಿರಿನೊಂದಿಗೆ ಏರಿಳಿಯುತ್ತಿದ್ದ ಜಾಗ ಗುಳಿ ಬಿದ್ದಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಅತ್ತೆಯ ಕೈ ಹಿಡಿದು ಅದರ ನೆತ್ತಿಯ ಮೇಲಿಟ್ಟೆ. ಕೂಸಿನ ಮುಂದೆ ಬಾಯಿಬಿಡಬಾರದಲ್ಲ. ಅವರು ಗೋಡೆಯ ಹತ್ತಿರ ಓಡಿ ಅಕ್ಕನನ್ನು ಕೂಗಿದರು. ಭಟ್ಟಿಯಲ್ಲಿ ಮರಳು ಕಾಯುತ್ತಿತ್ತು. ಹಾಗೆಯೇ ಬಿಟ್ಟು ಬಂದಳು.

ಬಳ್ಳಾರಿಯ ಬಸ್ಸಿನಲ್ಲಿ ಕೂಸು ಅಕ್ಕನ ತೊಡೆಯ ಮೇಲಿತ್ತು. ನಾನು ಪಕ್ಕದಲ್ಲಿ, ಅತ್ತೆ ಹಿಂದೆ. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು "ಪಾಪ, ಹೆತ್ತಾಕಿ ಮಾರಿ ನೋಡ್ರಿ, ಎಷ್ಟು ಬಾಡೇತಿ" ಎಂದು ಅಕ್ಕನನ್ನು ತೋರಿಸಿ ಮರುಗಿದಳು. ನಾನು ಕಿಟಕಿಯಾಚೆ ನೋಡಿದೆ.

ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಕೂಸನ್ನು ನೋಡಿದ ಕೂಡಲೇ ಕೈ ಚಾಚಿ, ಮೊದಲು ತೆಲುಗಿನಲ್ಲಿ, "ತಲ್ಲಿ ಎವರಮ್ಮಾ?" ಎಂದರು. ನಾವು ಮೂವರೂ ಸುಮ್ಮನಿದ್ದದ್ದು ನೋಡಿ, ತಿಳಿಯಲಿಲ್ಲವೆಂದುಕೊಂಡು ಕನ್ನಡದಲ್ಲಿ ಕೇಳಿದರು: "ತಾಯಿ ಯಾರ್ರೀ? ತಾಯಿ ಒಬ್ಬರೇ ಒಳಗ ಬರ್ರಿ. ಲಗೂನ!"

ತೆಲುಗು ನನಗೆ ಚೆನ್ನಾಗಿ ಬರುತ್ತಿತ್ತು. ಕನ್ನಡವೂ ಬರುತ್ತಿತ್ತು. ಹೆಜ್ಜೆ ಮುಂದಿಟ್ಟೆ. ಅತ್ತೆ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದರು. ತಿರುಗಿ ನೋಡಿದೆ. ಅವರ ಕಣ್ಣಲ್ಲಿ ಗದರಿಕೆ ಇದ್ದಿದ್ದರೆ ಕೊಡವಿಕೊಂಡು ಹೋಗುತ್ತಿದ್ದೆನೇನೋ. ಬರೀ ಬೇಡಿಕೆ ಇತ್ತು.

"ನಾನ್ರೀ" ಎಂದಳು ಅಕ್ಕ. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಕೂತೆವು. ಕೂಸಿಗೆ ಹಾಲು ಕೊಡುವ ಹೊತ್ತು. ಕುಬುಸ ತೊಯ್ದು, ಸೆರಗು ತೊಯ್ದು, ಹಾಲು ಹೊಟ್ಟೆಯ ಮೇಲೆ ಇಳಿಯುತ್ತಿತ್ತು. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಅಕ್ಕನ ದನಿ ಇದ್ದಲ್ಲಿ ಕೇಳದಿರುವುದು ಹೇಗೆ.

"ಎದಿ ಹಾಲು ಕೊಡಮ್ಮಾ."

"ಬತ್ತೇತ್ರಿ."

"ಮತ್ತ ಇಷ್ಟು ದಿನ ಏನು ಕುಡಿಸಿದಿ? ಬಾಟ್ಲಿ ಹಾಲಾ? ಅದರಿಂದನಽ ಇದು. ಯಾವಾಗಿಂದ ಭೇದಿ? ಉಚ್ಚಿ ಯಾವಾಗ ಹೊಯ್ದಿತ್ತು? ಹೇಳಮ್ಮಾ. ತಾಯಾಗಿ ಇಷ್ಟೂ ಗೊತ್ತಿಲ್ಲಾ?"

ಆರು ಮಕ್ಕಳನ್ನು ಸಾಕಿ ನಿಲ್ಲಿಸಿದವಳು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ಕೇಳಿದ್ದಕ್ಕೆಲ್ಲ ಉತ್ತರ ನನ್ನಲ್ಲಿತ್ತು. ಬೆಂಚಿನ ಮೇಲೆ ಕೂತು, ಬಾಯಲ್ಲಿ ಸೆರಗು ತುರುಕಿಕೊಂಡು, ಉತ್ತರವನ್ನೆಲ್ಲ ನುಂಗಿದೆ. ಅಷ್ಟು ಕೈಲಾಗದವಳಾಗಿ ನಾನು ಹಿಂದೆಂದೂ ಕೂತಿರಲಿಲ್ಲ, ಕೂಸುಗಳು ಹೋದ ದಿನಗಳಲ್ಲೂ.

ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದು ನೇರ ಅತ್ತೆಯ ಮುಂದೆ ನಿಂತಳು.

"ದೊಡ್ಡವ್ವ, ನನ್ನ ಕೈಲಿ ಆಗಂಗಿಲ್ಲ. ನಾ ಕೊಂಡದ್ದನ್ನ ನಾ ವಾಪಸ್ ಕೊಡಾಕತ್ತೀನಿ."

"ಬ್ಯಾಡಬೇ, ನಿನ್ನ ಕಾಲಿಗೆ ಬೀಳ್ತೀನಿ. ಜವಳ ಆಗಿಲ್ಲ. ಬಿಟ್ಟುಕೊಟ್ರ ಅದು ಹೋಗ್ತೈತಿ."

"ಬಿಟ್ಟುಕೊಡಲಿಲ್ಲಂದ್ರೂ ಹೋಗ್ತೈತಿ! ಅದಕ್ಕ ಹಾಲು ಬೇಕು. ನನ್ನ ಹತ್ರ ಬರೀ ಬಾಯಿ ಐತಿ." ಹಾಗೆಂದು ಬಾಗಿಲಲ್ಲಿದ್ದ ನರ್ಸಮ್ಮನಿಗೆ, "ಹೆತ್ತಾಕಿ ಈಕಿ ಅದಾಳ್ರಿ, ನಾ ಅಲ್ಲ" ಎಂದು ನನ್ನನ್ನು ಮುಂದಕ್ಕೆ ನೂಕಿದಳು.

ಅತ್ತೆಯ ಹಿಡಿತ ನಿಧಾನವಾಗಿ ಸಡಿಲವಾಯಿತು. "ಹೋಗು" ಎಂದರು. "ಹಾಲು ಕೊಡು. ಮಾತಾಡಬ್ಯಾಡ ಮಾತ್ರ."

ಒಳಗೆ ಕೂಸಿನ ತಲೆಯ ನರಕ್ಕೆ ಸೂಜಿ ಚುಚ್ಚಿ ಗ್ಲೂಕೋಸ್ ಹಚ್ಚಿದ್ದರು. ಆ ಜಾಗದಲ್ಲಿ ಕೂದಲು ಬೋಳಿಸಿದ್ದರು. ಜವಳ ಹೀಗಾಯಿತಲ್ಲ ಎಂದು ಸಂಕಟವಾಯಿತು. ನರ್ಸಮ್ಮ ಕೇಳಿದ್ದಕ್ಕೆಲ್ಲ ಹೊರಬಾಗಿಲ ಹತ್ತಿರ ನಿಂತು ಪಿಸುಮಾತಿನಲ್ಲಿ ಉತ್ತರ ಕೊಟ್ಟು ಬಂದು ಕೂಸನ್ನು ಎದೆಗೆ ಹಚ್ಚಿದೆ. ಹಾಲು ತಾನಾಗಿ ತೊಟ್ಟಿಕ್ಕಿ ಅದರ ತುಟಿಯ ಮೇಲೆ ಬಿತ್ತು. ತುಟಿ ಅಲ್ಲಾಡಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು.

"ಹಾಲು ಬೇಕಾದಷ್ಟೈತಿ, ಎಳ್ಕೊಳ್ಳಾಕ ಅದಕ್ಕ ಎಚ್ಚರ ಇಲ್ಲ" ಎಂದರು ನರ್ಸಮ್ಮ. "ಕರೀರಿ ಕೂಸನ್ನ. ತಾಯಿ ದನಿ ಕೇಳಿದ್ರ ಕಣ್ಣು ಬಿಡ್ತಾವ."

ನಾನು ಅವರ ಮುಖ ನೋಡಿದೆ.

"ಏನು ನೋಡ್ತೀರಿ? ಕರೀರಿ!"

ಇನ್ನೇನು ಹೋಗುವುದು ಉಳಿದಿದೆ ಎನಿಸಿತು. ಬಾಯಿ ತೆರೆದೆ. ಎಷ್ಟೋ ದಿನದಿಂದ ಮಾತನ್ನು ಒಳಗೇ ಇಟ್ಟುಕೊಂಡಿದ್ದೆನಲ್ಲ, ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ. "ಕೂಸೇ" ಎಂದೆ. ದನಿ ಒಡಕಲಾಗಿ ಬಂತು. "ಯವ್ವಾ, ನಾನು. ಕಣ್ಣು ಬಿಡವ್ವ. ನಾನು." ನಾನು ಯಾರೆಂದು ಅದಕ್ಕೆ ಯಾರು ಹೇಳಿದ್ದರು? ರೆಪ್ಪೆ ಅಲುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಪಕ್ಕದ ಹಾಸಿಗೆಯ ಕೂಸು ಬೆಚ್ಚಿ ಅತ್ತಿತು, ನನ್ನದು ಸುಮ್ಮನೆ ಮಲಗಿತ್ತು.

ಆಗ ನಾನು ಬಾಗಿಲ ಕಡೆ ತಿರುಗಿ ಕೂಗಿದೆ. "ಅಕ್ಕಾ, ಬಾ ಇಲ್ಲಿ. ನೀನಽ ಕರಿ ಅದನ್ನ."

ಒಬ್ಬರೇ ಎಂದಿದ್ದ ನರ್ಸಮ್ಮ ತಡೆಯಲಿಲ್ಲ. ಅಕ್ಕ ಬಂದು ಹಾಸಿಗೆಯ ತಲೆದೆಸೆಗೆ ಬಗ್ಗಿ, ಭಟ್ಟಿಯ ಮುಂದೆ ಕೂಗುವ ಅದೇ ದನಿಯಲ್ಲಿ, "ಏ ನನ್ನ ತೌಡೇ! ಏನಬೇ ಇದು ನಿನ್ನ ಸೊಕ್ಕು? ಹಾಲು ಬ್ಯಾಡೇನ ನಿನಗ?" ಎಂದಳು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಆಕೆಯ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ದನಿ ಮಾತ್ರ ನಗುತ್ತಿತ್ತು. ಎರಡನೆಯ ಸಲಕ್ಕೆ ರೆಪ್ಪೆ ಅದುರಿತು. ಮೂರನೆಯ ಸಲಕ್ಕೆ ಕಣ್ಣು ತೆರೆದು ಆ ಕಡೆ ಹುಡುಕಿತು. ನಾನು ಅದರ ಬಾಯಿಗೆ ಎದೆ ಕೊಟ್ಟೆ. ಒಮ್ಮೆ ಎಳೆಯಿತು, ನಿಲ್ಲಿಸಿತು, ಮತ್ತೆ ಎಳೆಯಿತು.

ಅಲ್ಲಿಂದ ಮುಂದೆ ಹಾಲು ಕೊಡುವಾಗೆಲ್ಲ ಹಾಗೆಯೇ ಮಾಡಿದೆವು. ಆಕೆ ಮಾತಾಡುತ್ತಿದ್ದಳು, ನಾನು ಕುಡಿಸುತ್ತಿದ್ದೆ. ಸುದ್ದಿ ತಿಳಿದು ಜಿನ್ನಿನಿಂದ ಓಡಿಬಂದ ನನ್ನ ಗಂಡ ಬಾಗಿಲಲ್ಲಿ ನಿಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಒಳಗೆ ಬರಲೇ ಇಲ್ಲ, ಬಂದರೆ ತಮ್ಮ ಕಾಲ್ಗುಣ ತಾಗೀತೆಂದು ಹೆದರಿ ಬೆಂಚಿನ ಮೇಲೇ ಕೂತಿದ್ದರು. ಕೂಸು ಉಳಿಯಿತು. ಭೇದಿ ನಿಂತಿತು, ನೆತ್ತಿಯ ಗುಳಿ ತುಂಬಿತು, ಒದ್ದೆ ಮಾಡತೊಡಗಿತು. ಮೊದಲ ಸಲ ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಾಗ ನಾನೂ ಅಕ್ಕನೂ ಹುಚ್ಚರ ಹಾಗೆ ನಕ್ಕೆವು.

ಸೂಜಿ ತೆಗೆದ ದಿನ ಅಕ್ಕ ಹೊರಟಳು. ಆಕೆಗೂ ಮನೆಯಿತ್ತು, ಮಕ್ಕಳಿದ್ದರು, ಆರಿಹೋದ ಭಟ್ಟಿ ಇತ್ತು. ಇನ್ನೊಂದು ದಿನ ಇರು ಎನ್ನಬೇಕೆನಿಸಿತು. ಬೇಗ ಹೋಗಲಿ ಎಂದೂ ಅನಿಸಿತು.

"ಇನ್ನ ಇದು ನಿಂದು, ತಂಗಿ. ಬಾಯಿ ತುಂಬ ಮಾತಾಡು" ಎಂದು ಕೂಸಿನ ಅಂಗಾಲಿಗೆ ಮುತ್ತಿಟ್ಟು, ಹಿಂದೆ ನೋಡದೆ ಹೋದಳು. ಮೆಟ್ಟಿಲಿಳಿಯುತ್ತ ಯಾರನ್ನೋ ದಾರಿ ಬಿಡು ಎಂದು ಗದರಿದ್ದು ಕೇಳಿಸಿತು. ಕೂಸು ಆ ಕಡೆ ತಿರುಗಿತು. ದನಿ ದೂರವಾಗಿ ನಿಂತುಹೋದ ಮೇಲೂ ಬಾಗಿಲನ್ನೇ ನೋಡುತ್ತಿತ್ತು.

ಮಧ್ಯಾಹ್ನವಾಗಿತ್ತು, ವಾರ್ಡಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಈಗ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮುಖವನ್ನು ನನ್ನ ಮುಖಕ್ಕೆ ನೇರವಾಗಿ ತಿರುಗಿಸಿ, "ನನ್ನ ಮಗಳೇ" ಎಂದೆ. ಅದು ನನ್ನ ಬಾಯಿಯನ್ನೇ ದಿಟ್ಟಿಸಿ ನೋಡಿತು. ಇನ್ನೊಮ್ಮೆ ಹೇಳಿದೆ, ಮೆಲ್ಲಗೆ, ನಗುತ್ತ. ಅದರ ಕೆಳತುಟಿ ಮುಂದೆ ಬಂತು, ನಡುಗಿತು. ಹೊಸಬರು ಎತ್ತಿಕೊಂಡಾಗ ಅಳುವ ಹಾಗೆ ಕೈಕಾಲು ಸೆಟೆಸಿ ಅಳತೊಡಗಿತು. ಸಮಾಧಾನ ಮಾಡಲು ಮಾತಾಡಿದಷ್ಟೂ ಅಳು ಹೆಚ್ಚಾಯಿತು.

ನಾನು ಬಾಯಿ ಮುಚ್ಚಿದೆ. ಮುಖ ಆಚೆ ತಿರುಗಿಸಿಕೊಂಡು ಸೆರಗಿನೊಳಗೆ ಎಳೆದುಕೊಂಡೆ. ಆಗ ಅದು ನನ್ನನ್ನು ಗುರುತು ಹಿಡಿದು, ಬಿಕ್ಕುತ್ತಲೇ, ಹಾಲು ಕುಡಿಯಿತು.